ನಾ ಹೇಳಿದ್ದಲ್ಲ, ನಮ್ಮಜ್ಜಿ ಹೇಳಿದ್ದು

ನಮ್ಮ ಮನೆಯಲ್ಲಿ ಕಥೆ ಹೇಳುವವರು ಮೊದಲು ಒಂದು ಮಾತು ಹೇಳಲೇಬೇಕಿತ್ತು: “ನಾ ಹೇಳಿದ್ದಲ್ಲ, ನಮ್ಮಜ್ಜಿ ಹೇಳಿದ್ದು.” ಬಾಗಿಲಿನ ಚಿಲಕದಂಥ ಮಾತು ಅದು; ಸರಿಸದೆ ಒಳಗೆ ಹೋಗುವಂತಿರಲಿಲ್ಲ. ನಾನು ಮರೆತು ನೇರವಾಗಿ “ಒಂದೂರಲ್ಲಿ ಒಬ್ಬಳು” ಎಂದು ಶುರುಮಾಡಿದರೆ ಅಜ್ಜಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿಬಿಡುತ್ತಿದ್ದಳು.

“ಯಾರು ಹೇಳಿದ್ದು?”

“ನಮ್ಮಜ್ಜಿ.”

“ಹಾಂ. ಈಗ ಹೇಳು.”

ಚಕ್ರ ಮತ್ತೆ ತಿರುಗುತ್ತಿತ್ತು.

ಅಜ್ಜಿ ಬೀದಿಯವರ ಬಟ್ಟೆ ಸರಿಮಾಡಿಕೊಡುತ್ತಿದ್ದಳು. ಸಡಿಲವಾದ ಸೊಂಟ, ಹರಿದ ಜೇಬು, ಅಣ್ಣನಿಂದ ತಮ್ಮನಿಗೆ ಇಳಿದ ಪ್ಯಾಂಟು. ಊಟವಾದ ಮೇಲೆ ಬೀದಿಯೆಲ್ಲ ತೂಕಡಿಸುವಾಗ ನಾನು ಯಂತ್ರದ ಮೇಜಿನ ಕೆಳಗೆ ಕೂತು ಬಿದ್ದ ದಾರದ ತುಂಡುಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತಿದ್ದೆ. ಮೇಲಿನಿಂದ ಕಥೆ ಸುರಿಯುತ್ತಿತ್ತು. ಕುಂಟುವ ಚಂದ್ರ, ಉಪ್ಪಿನ ಮನೆ ಕಟ್ಟಿಕೊಂಡ ನರಿ, ಕನ್ನಡಿಯೊಳಗೆ ಕೆಲಸಕ್ಕೆ ಸೇರಿದ ಹುಡುಗಿ. ಎಲ್ಲವೂ ಅಜ್ಜಿಯ ಅಜ್ಜಿ ಹೇಳಿದ್ದು. ಆಕೆಗೆ ಆಕೆಯ ಅಜ್ಜಿ. ನನ್ನ ಕಣ್ಣಿಗೆ ಒಂದು ಉದ್ದನೆಯ ಪಡಸಾಲೆ ಕಾಣುತ್ತಿತ್ತು. ಅಲ್ಲಿ ಒಬ್ಬಳ ಹಿಂದೆ ಒಬ್ಬಳು ಅಜ್ಜಿಯರು ಕೂತು, ಪ್ರತಿಯೊಬ್ಬಳೂ ಮುಂದಿನವಳ ಕಿವಿಗೆ ಬಾಯಿಟ್ಟಿದ್ದಳು. ತೀರಾ ಕೊನೆಯವಳು ಅಂಗಿಯ ಗುಂಡಿಯಷ್ಟೇ ಕಾಣುತ್ತಿದ್ದಳು. ಅವಳಿಗೆ ಯಾರು ಹೇಳಿದರೋ ಎಂದು ಯೋಚಿಸುತ್ತಲೇ ನನಗೆ ನಿದ್ದೆ ಬಂದುಬಿಡುತ್ತಿತ್ತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಜ್ಜಿ ಸರಿಮಾಡಿದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ, ನನಗೇ ಒಂದು ಕಥೆ ಬಂತು.

ಒಂದೂರಲ್ಲಿ ಒಬ್ಬಳು ಇಸ್ತ್ರಿಯವಳು. ಊರವರು ಬಳಸದೆ ಬಿಟ್ಟ ಮಧ್ಯಾಹ್ನಗಳನ್ನು ಅವಳು ಹೆಕ್ಕಿ ತರುತ್ತಾಳೆ. ಬರುತ್ತೇನೆಂದವರು ಬಾರದೆ ಉಳಿದದ್ದು, ಬೇಸರವೆಂದು ಯಾರೋ ಬಿಟ್ಟು ಎದ್ದುಹೋದದ್ದು. ನೀರು ಚಿಮುಕಿಸಿ, ಇಸ್ತ್ರಿ ಹಾಕಿ, ಮಡಿಸಿ ಟ್ರಂಕಿನಲ್ಲಿಡುತ್ತಾಳೆ. ಮಧ್ಯಾಹ್ನ ಸಾಲದವರು ಬಂದು ಕೇಳಿದರೆ ತೆಗೆದುಕೊಡುತ್ತಾಳೆ. ಹೆತ್ತು ಮೂರು ದಿನ ಕಣ್ಣು ಮುಚ್ಚದ ತಾಯಿಗೆ ಮೆತ್ತನೆಯದೊಂದು, ಜಗಳವಾಡಿದ ಅಣ್ಣತಮ್ಮಂದಿರಿಗೆ ಇಬ್ಬರೂ ಕೂರುವಷ್ಟು ಅಗಲದ್ದೊಂದು. ಒಂದು ದಿನ ಅವಳು ಕಿಟಕಿಯಾಚೆ ನೋಡುತ್ತಾ ಮೈಮರೆತಾಗ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿದ್ದ ಮಧ್ಯಾಹ್ನವನ್ನು ಸುಟ್ಟು, ಸರಿಯಾಗಿ ನಾಲ್ಕು ಗಂಟೆಯ ಜಾಗದಲ್ಲಿ ತೂತು ಬೀಳುತ್ತದೆ. ಅಂದಿನಿಂದ ಆ ಊರಲ್ಲಿ ನಾಲ್ಕು ಗಂಟೆಯೇ ಇಲ್ಲ. ಮೂರು ಮುಗಿದರೆ ಐದು. ಆದರೆ ಆ ತೂತಿಗೆ ಕಣ್ಣಿಟ್ಟವರಿಗೆ, ತಾವು ಕಳೆದುಕೊಂಡಿದ್ದೇವೆಂದು ಗೊತ್ತೇ ಇಲ್ಲದ ಒಂದು ವಸ್ತು ಆಚೆ ಕಾಣುತ್ತದೆ.

ಇದನ್ನು ಅಜ್ಜಿಗೆ ಹೇಳಬೇಕು. ಆದರೆ ಚಿಲಕ ಸರಿಸದೆ ಹೇಗೆ? ಅವಳ ಮುಖ ನೋಡಿಕೊಂಡೇ ಹೇಳಿದೆ: “ನಾ ಹೇಳಿದ್ದಲ್ಲ, ನಮ್ಮಜ್ಜಿ ಹೇಳಿದ್ದು.”

ಅಜ್ಜಿ ಪೂರ್ತಿ ಕೇಳಿದಳು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. “ಹೌದೌದು. ನಮ್ಮಜ್ಜಿನೂ ಹೀಗೇ ಹೇಳ್ತಿದ್ದಳು” ಎಂದಳು.

ನನಗೆ ಕಚಗುಳಿಯಿಟ್ಟಂತಾಯಿತು. ಪಡಸಾಲೆಯಲ್ಲಿ ನನಗೂ ಒಂದು ಮಣೆ ಹಾಕಿದ ಹಾಗೆ.

ಅಷ್ಟು ಹೊತ್ತಿಗೆ ನಾನು ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಅಂಗಡಿಯಾತನನ್ನು ಎಲ್ಲರೂ ಬೈಂಡಿಂಗ್ ಮಾಮ ಎನ್ನುತ್ತಿದ್ದರು. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಜೋಡಿಸಿ, ಇಸ್ತ್ರಿಯವಳ ಕಥೆ ಬರೆದು, ಚಿತ್ರ ಹಾಕಿ, ಅಂಗೈಯಗಲದ ಪುಸ್ತಕ ಮಾಡಿದೆ. ಮೊದಲ ಹಾಳೆಯಲ್ಲಿ, ಕೈಗೆ ಅಭ್ಯಾಸವಾದಂತೆ, “ಅಜ್ಜಿಯ ಅಜ್ಜಿ ಹೇಳಿದ ಕಥೆ” ಎಂದು ಬರೆದೆ. ಕೆಳಗೆ ತಾರೀಖು ಹಾಕಿದೆ. ಹೆಸರು ಹಾಕಲಿಲ್ಲ.

ಮಕ್ಕಳ ಪುಸ್ತಕ ತರುವ ಸಂಪಾದಕಿಯೊಬ್ಬರು ನಮ್ಮಲ್ಲೇ ಪ್ರತಿ ತೆಗೆಸುತ್ತಿದ್ದರು. ನಾವು ಅವರನ್ನು ಕನ್ನಡಕದ ಮೇಡಂ ಎನ್ನುತ್ತಿದ್ದೆವು. ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ತಲೆಯ ಮೇಲೆ, ಮೂರನೆಯದನ್ನು ಸದಾ ಹುಡುಕುತ್ತಿದ್ದರು. ಗಲ್ಲಾ ಪಕ್ಕದಲ್ಲಿದ್ದ ನನ್ನ ಪುಸ್ತಕವನ್ನು ಓದಿ, “ಎಷ್ಟು ಚೆಂದ ಇದೆ! ಯಾರ ಕಥೆ?” ಎಂದರು.

“ನಮ್ಮಜ್ಜಿದು ಮೇಡಂ. ಅವರಿಗೆ ಅವರಜ್ಜಿ ಹೇಳಿದ್ದು.”

ಅವರು ಒಂದು ಪ್ರತಿ ಕೇಳಿದರು. ನಾನೇ ತೆಗೆದುಕೊಟ್ಟೆ, ಖುಷಿಯಿಂದ.

ಎರಡು ತಿಂಗಳಾದ ಮೇಲೆ ಅವರು ಹಾಳೆಗಳ ಒಂದು ಕಟ್ಟು ತಂದು, “ಇಪ್ಪತ್ತು ಸೆಟ್ ಮಾಡಮ್ಮ” ಎಂದರು. ಗಾಜಿನ ಮೇಲೆ ಹಾಳೆ ಮಗುಚುವಾಗ ಕಣ್ಣಿಗೆ ಬಿತ್ತು: ಇಸ್ತ್ರಿಯವಳು. ಯಾರೋ ತಮ್ಮ ಮಾತಿನಲ್ಲಿ ತಿರುಗಿ ಬರೆದಿದ್ದರು, ಆದರೆ ಟ್ರಂಕು ಅದೇ, ತಾಯಿ ಅವಳೇ, ಅಣ್ಣತಮ್ಮಂದಿರೂ ಅವರೇ. ಕೊನೆಯಲ್ಲಿ ಊರವರೆಲ್ಲ ಸೇರಿ ನಾಲ್ಕು ಗಂಟೆಯ ತೂತಿಗೆ ತೇಪೆ ಹಾಕಿ, ಸಮಯವನ್ನು ಹಾಳುಮಾಡಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: “ಹಳೆಯ ಕಥೆ. ಕರ್ತೃ ತಿಳಿದಿಲ್ಲ.”

ಯಂತ್ರದ ಬೆಳಕು ಹೋಗಿ ಬಂದು ಮಾಡುತ್ತಿತ್ತು. ತಿಳಿದಿಲ್ಲದ ಕರ್ತೃ ನಿಂತು ಆ ಹಾಳೆಯನ್ನೇ ಇಪ್ಪತ್ತು ಸಲ ತೆಗೆಯುತ್ತಿದ್ದಳು. ತೂತು ಮುಚ್ಚಿಹೋಗಿತ್ತು. 

“ಮೇಡಂ, ಇದು ನಂದು” ಎಂದೆ. ಸ್ವರ ನನ್ನದಲ್ಲವೆನಿಸಿತು.

“ನಿನ್ನದು ಅಂದ್ರೆ?”

“ನಾನೇ ಕಟ್ಟಿದ್ದು.”

ಅವರು ತಲೆಯ ಮೇಲಿನ ಕನ್ನಡಕ ಇಳಿಸಿದರು. “ಅಲ್ಲಮ್ಮ, ನೀನೇ ಬರೆದಿದ್ದೀಯಲ್ಲ, ಅಜ್ಜಿಯ ಅಜ್ಜಿ ಅಂತ? ಆಮೇಲೆ ಅಂಗಡಿ ಮಾಮನ ಹತ್ರ ನಂಬರ್ ತಗೊಂಡು ನಿಮ್ಮಜ್ಜಿಗೆ ಫೋನ್ ಮಾಡಿ ಕೇಳಿದೆ. ‘ಹೌದು, ನಮ್ಮಜ್ಜಿ ಹೇಳ್ತಿದ್ದಳು, ಬಾಯಿಪಾಠ ಇದೆ’ ಅಂದ್ರು. ಹಳೇ ಕಥೆಗೆ ಯಾರೂ ಯಜಮಾನರಿಲ್ಲ, ಯಾರು ಬೇಕಾದ್ರೂ ಹೇಳಬಹುದು ಅಂತ ತಗೊಂಡೆ. ಕದಿಯೋ ಪೈಕಿ ಅಲ್ಲ ನಾನು.”

ಅದು ನಿಜ. ಅವರ ಮುಖದಲ್ಲಿ ಸುಳ್ಳಿರಲಿಲ್ಲ.

“ಹತ್ತು ದಿನಕ್ಕೆ ಅಚ್ಚಿಗೆ ಹೋಗುತ್ತೆ” ಎಂದರು. “ನಿನ್ನದೇ ಆದ್ರೆ ಕಾಪಿರೈಟ್ ನೋಂದಣಿಗೆ ಅರ್ಜಿ ಹಾಕಿ, ಅವರು ತಗೊಂಡ ರಸೀದಿ ತಂದು ತೋರಿಸು. ಆ ಪುಟಗಳನ್ನು ತೆಗೀತೀನಿ. ಬರೀ ಬಾಯಿಮಾತಿಗೆ ತೆಗೆಯೋಕಾಗಲ್ಲ. ಬಾಯಿಮಾತಿನಿಂದಲೇ ತಾನೇ ಇಷ್ಟೆಲ್ಲ ಆಗಿದ್ದು?”

ಅವರು ಹೋದ ಮೇಲೆ ಬೈಂಡಿಂಗ್ ಮಾಮ ನಕ್ಕ. “ಊರವರ ಹಾಳೆಯೆಲ್ಲ ಕಾಪಿ ಮಾಡ್ತಿದ್ದೆ, ನಿನ್ನ ಹಾಳೆ ಕಾಪಿ ಆದಾಗ ನೋಡು ಹೊಟ್ಟೆ ಉರಿ!” ಎಂದವನು ನನ್ನ ಮುಖ ನೋಡಿ, “ಹೋಗು, ನಾಳೆ ರಜ ತಗೋ” ಎಂದ.

ನೋಂದಣಿ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಎರಡೂ ಗೋಡೆಗೆ ಛಾವಣಿಯವರೆಗೆ ಕಪಾಟು. ಅದರೊಳಗೆ ಯಾರ್ಯಾರದೋ ಹಾಡು, ನಾಟಕ, ನಕ್ಷೆ, ಆಟಿಕೆಯ ಚಿತ್ರ, ಎಲ್ಲವೂ ಲಕೋಟೆಯೊಳಗೆ ಮಲಗಿದ್ದವು. ಕಿವಿಗೊಟ್ಟರೆ ಅವು ಉಸಿರಾಡುವುದು ಕೇಳೀತು ಅನ್ನಿಸಿತು. ಗುಮಾಸ್ತರು ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ನನ್ನ ಅರ್ಜಿ ತಿರುವಿದರು.

“ಒಂದು ವಿಷಯ ತಿಳ್ಕೊಳಮ್ಮ. ನೀನು ಬರೆದ ದಿನಾನೇ ಹಕ್ಕು ನಿನಗೆ ಬಂದಾಯ್ತು. ಮಗು ಹುಟ್ಟೋದು ಮನೇಲಿ, ಇಲ್ಲಿ ಜನನ ಪತ್ರ ಕೊಡ್ತೀವಿ ಅಷ್ಟೆ. ನಾಳೆ ಯಾರಾದ್ರೂ ಯಾರ ಮಗು ಅಂದ್ರೆ ತೋರಿಸೋಕೆ.” ಆಮೇಲೆ ಪುಸ್ತಕದ ಮೊದಲ ಹಾಳೆ ತೆರೆದರು. ರಬ್ಬರ್ ಟೋಪಿಯ ಬೆರಳು ಅಲ್ಲೇ ನಿಂತಿತು. “ಇದೇನಿದು? ನಿನ್ನ ಕೈಯಲ್ಲೇ ಮಗು ಬೇರೆಯವರದು ಅಂತ ಬರೆದಿದ್ದೀಯ!”

“ಅದು ನಮ್ಮನೆ ಅಭ್ಯಾಸ ಸರ್.”

“ಅರ್ಜೀಲಿ ಅಭ್ಯಾಸ ಅನ್ನೋ ಕಾಲಂ ಇಲ್ಲವಲ್ಲ. ಚಿತ್ರಗಳು ನಿನ್ನವು, ತಗೋತೀನಿ. ಕಥೆ ತಗೋಬೇಕಾದ್ರೆ, ನಾನು ಇದನ್ನು ಹೇಳಿಲ್ಲ, ನನಗೂ ಯಾರೂ ಹೇಳಿಲ್ಲ ಅಂತ ನಿಮ್ಮಜ್ಜಿ ಬಂದು ಬರೆದುಕೊಡಲಿ.”

ಮೆಟ್ಟಿಲಿಳಿಯುತ್ತಾ ಯೋಚಿಸಿದೆ. ಅಜ್ಜಿಯ ಮುಂದೆ ನಿಂತು, ನಿನ್ನ ಹೆಸರಲ್ಲಿ ಸುಳ್ಳು ಹೇಳಿದೆ ಎನ್ನಬೇಕು. ಪಡಸಾಲೆಯ ಮಣೆಯಿಂದ ನಾನಾಗಿಯೇ ಎದ್ದು ಹೊರಗೆ ಹೋಗಬೇಕು.

ಅಜ್ಜಿ ಒಂದು ಕೋಟಿನ ಅಸ್ತರಿನ ಹೊಲಿಗೆ ಬಿಚ್ಚುತ್ತಿದ್ದಳು. ನಾನು ಎಲ್ಲ ಹೇಳಿದೆ. ಫೋನಿನ ಮಾತು ಬಂದಾಗ ಅವಳ ಕೈ ನಿಂತಿತು.

“ಅಯ್ಯೋ, ನಿನಗೆ ಒಳ್ಳೇದಾಗಲಿ ಅಂತ ಕಣೇ ಹಾಗಂದೆ! ಮೊಮ್ಮಗಳು ತಾನೇ ಕಟ್ಟಿದ್ದು ಅಂದ್ರೆ ಆ ಹೆಂಗಸು ಮೂಗು ಮುರೀತಾಳೆ, ಹಳೇದು ಅಂದ್ರೆ ಗೌರವ ಕೊಡ್ತಾಳೆ ಅಂತ.”

“ಹಾಗಾದ್ರೆ ನಿನಗೆ ಗೊತ್ತಿತ್ತಾ? ನಾನು ಕಟ್ಟಿದ್ದು ಅಂತ?”

“ಮೊದಲ ದಿನಾನೇ ಗೊತ್ತಿತ್ತು.”

“ಮತ್ತೆ ಬಾಯಿಪಾಠ ಇದೆ ಅಂದ್ಯಂತೆ?”

“ಇದೆಯಲ್ಲ. ನೀ ಹೇಳಿದ್ದು ಒಂದಕ್ಷರ ಮರೆತಿಲ್ಲ.” ಅವಳು ಕತ್ತರಿ ಕೆಳಗಿಟ್ಟಳು. “ನಡಿ, ನಾಳೆ ಹೋಗೋಣ.”

ಮಾರನೆಯ ದಿನ ಅಜ್ಜಿ ಕಚೇರಿಗೆ ಬಂದಾಗ ಅಳತೆ ಟೇಪು ಕೊರಳಲ್ಲೇ ಇತ್ತು. ಗುಮಾಸ್ತರು ಕುರ್ಚಿ ಕೊಟ್ಟರು. ಅವಳು ಅವರ ಅಂಗಿಯ ತೋಳನ್ನು ನೋಡಿ, “ಅರ್ಧ ಇಂಚು ಉದ್ದ ಆಯ್ತಪ್ಪ ನಿಂಗೆ” ಎಂದಳು. ಅವರು ತೋಳು ಒಳಗೆ ಮಡಚಿಕೊಂಡರು.

“ಅಜ್ಜಿ, ಈ ಕಥೆ ನೀವು ಮೊಮ್ಮಗಳಿಗೆ ಹೇಳಿದ್ದಾ?”

“ಇಲ್ಲಪ್ಪ. ಅವಳೇ ನನಗೆ ಹೇಳಿದ್ದು.”

“ನಿಮ್ಮಜ್ಜಿ ನಿಮಗೆ ಹೇಳಿರಲಿಲ್ವಾ? ಚಿಕ್ಕವರಿದ್ದಾಗ ಕೇಳಿ ಮರೆತಿರಬಹುದಲ್ಲ?”

ಅಜ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ನನ್ನ ಕಡೆ ನೋಡಲಿಲ್ಲ.

“ನಮ್ಮಜ್ಜಿ ನಂಗೆ ಏನೂ ಹೇಳಿಲ್ಲ. ನಂಗೆ ಒಂದೂವರೆ ವರ್ಷ ಆಗಿದ್ದಾಗಲೇ ಹೋದಳಂತೆ. ಅವಳ ಮುಖಾನೂ ಗೊತ್ತಿಲ್ಲ.”

ಗುಮಾಸ್ತರು ಬರೆಯುತ್ತಿದ್ದ ಪೆನ್ನು ಎತ್ತಿದರು.

“ಕುಂಟುವ ಚಂದ್ರ?” ಎಂದೆ ನಾನು.

“ನಂದೇ.”

“ಉಪ್ಪಿನ ಮನೆ ನರಿ?”

“ಅದೂ ನಂದೇ. ಕನ್ನಡಿ ಹುಡುಗಿನೂ. ಹೊಲಿಗೆ ಕಲಿಯೋ ಹೊತ್ತಲ್ಲಿ ಕಥೆ ಕಟ್ತಾ ಕೂತ್ರೆ ನಮ್ಮಮ್ಮ ಸ್ಕೇಲಿನಲ್ಲಿ ಕೊಡ್ತಿದ್ದಳು, ಸುಳ್ಳಿ ಅಂತ. ಅಜ್ಜಿ ಹೇಳಿದ್ದು ಅಂದ್ರೆ ಸುಮ್ಮನಾಗ್ತಿದ್ದಳು. ಅವಳಿಗೆ ಅವಳ ತಾಯಿ ಅಂದ್ರೆ ಪ್ರಾಣ. ಹೋದವರು ಕನಸಲ್ಲಿ ಬಂದು ಮಗೂಗೆ ಹೇಳ್ತಾರೇನೋ ಅಂದ್ಕೊಂಡಳೋ ಏನೋ, ತಾನೂ ಪಕ್ಕದಲ್ಲಿ ಕೂತು ಕೇಳೋಕೆ ಶುರುಮಾಡಿದಳು. ಆಮೇಲೆ ನಿಜ ಹೇಳೋದು ಹೇಗೆ?”

ನನ್ನೊಳಗಿನ ಪಡಸಾಲೆಯಲ್ಲಿ ಅಜ್ಜಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಗುಂಡಿಯಷ್ಟಿದ್ದವಳು ಮೊದಲು, ಆಮೇಲೆ ಅವಳ ಮುಂದಿನವಳು, ಯಾವ ಗಲಾಟೆಯೂ ಇಲ್ಲದೆ. ಮಣೆಗಳು ಖಾಲಿಯಾದವು. ಅಷ್ಟು ಉದ್ದದ ಜಾಗದಲ್ಲಿ ಒಂದು ಹೊಲಿಗೆ ಯಂತ್ರ ಉಳಿಯಿತು, ಅದರ ಮುಂದೆ ಪೆಟ್ಟು ತಿಂದ ಕೈಯ ಒಬ್ಬಳು ಹುಡುಗಿ. ನನಗೆ ಅಳು ಬಂತು. ಕಳೆದುಕೊಂಡದ್ದಕ್ಕೋ ಸಿಕ್ಕಿದ್ದಕ್ಕೋ ಗೊತ್ತಾಗಲಿಲ್ಲ.

ಗುಮಾಸ್ತರು ಹೇಳಿಕೆಯ ಹಾಳೆ ಮುಂದಿಟ್ಟು, “ಹೇಳಿಕೆಗೆ ಅಷ್ಟು ಸಾಕು ಅಜ್ಜಿ. ಇಲ್ಲಿ ಸಹಿ ಮಾಡಿ” ಎಂದರು. ನನ್ನತ್ತ ಪೆನ್ನು ಚಾಚಿದರು. “ನೀನು ಆ ಮೊದಲ ಹಾಳೆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕು. ಆಮೇಲೆ ಕರ್ತೃ ಅನ್ನೋ ಕಾಲಂ ತುಂಬು.”

ನನ್ನ ಹೆಸರು ಬರೆದೆ. ಅದು ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಕಾಲಂನಲ್ಲಿ ಇನ್ನೂ ಬಹಳ ಜಾಗ ಉಳಿದಿತ್ತು.

ಅಜ್ಜಿ ಬಗ್ಗಿ ನೋಡಿದಳು. “ಬರೀ ಬಾಯಲ್ಲಿರೋ ಕಥೆಗೂ ಇದು ಸಿಗುತ್ತೇನಪ್ಪ?” ಎಂದು ಕೇಳಿದಳು, ತನಗಾಗಿ ಅಲ್ಲ, ಬೇರೆ ಯಾರಿಗಾಗಿಯೋ ಕೇಳಿದ ಹಾಗೆ.

“ಗಾಳೀಲಿರೋದನ್ನು ಲಕೋಟೆಗೆ ಹಾಕೋಕಾಗಲ್ಲ ಅಜ್ಜಿ. ಬರೆಸಿ ತನ್ನಿ. ಕಪಾಟಲ್ಲಿ ಜಾಗ ಇದೆ.”

ರಸೀದಿ ನೋಡಿದ ಕನ್ನಡಕದ ಮೇಡಂ ಅದರಲ್ಲಿದ್ದ ಅರ್ಜಿ ಸಂಖ್ಯೆ ಗುರುತು ಹಾಕಿಕೊಂಡು, ಪುಟಗಳನ್ನು ಕಟ್ಟಿನಿಂದ ಎಳೆದು ನನ್ನ ಕೈಗೇ ಕೊಟ್ಟರು. “ನಿಮ್ಮಜ್ಜಿ ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ರಲ್ಲಮ್ಮ ಫೋನಲ್ಲಿ!”

“ಅವರಜ್ಜಿ ಕಲಿಸಿದ್ದು ಮೇಡಂ” ಎಂದೆ. ಬೈಂಡಿಂಗ್ ಮಾಮ ಒಳಗಿನಿಂದ ಕೆಮ್ಮಿದ.

ಬಾಗಿಲವರೆಗೆ ಹೋದವರು ತಿರುಗಿದರು. “ಬೇರೆ ಪುಸ್ತಕವಾಗಿ ತರೋಣ್ವಾ? ನಿನ್ನ ಹೆಸರಲ್ಲಿ, ನಿನ್ನ ಚಿತ್ರದ ಜೊತೆ.”

“ತೂತಿಗೆ ತೇಪೆ ಹಾಕಬಾರದು.”

“ಹಾಕಲ್ಲ. ಆಚೆ ನಂಗೇನು ಕಾಣುತ್ತೋ ನೋಡಬೇಕು” ಎಂದು ಮೂರನೆಯ ಕನ್ನಡಕಕ್ಕೆ ಚೀಲ ತಡಕುತ್ತಾ ಹೋದರು.

ಆ ಮಧ್ಯಾಹ್ನ ನಾನು ಅಂಗಡಿಯಿಂದ ಇನ್ನೂರು ಪುಟದ ಖಾಲಿ ಪುಸ್ತಕವೊಂದನ್ನು ನನ್ನ ಕೈಯಾರೆ ಹೊಲಿದು ತಂದೆ. ಯಂತ್ರದ ಮೇಜಿನ ಕೆಳಗೆ ಈಗ ಹಿಡಿಸುವುದಿಲ್ಲ, ಪಕ್ಕದಲ್ಲಿ ಕೂತೆ. ಪೆನ್ನು ಹಿಡಿದೆ.

“ಹೇಳು ಅಜ್ಜಿ. ಕುಂಟುವ ಚಂದ್ರನಿಂದ.”

ಅಜ್ಜಿ ಚಕ್ರ ತಿರುಗಿಸಿದಳು. “ನಾ ಹೇಳಿದ್ದಲ್ಲ, ನಮ್ಮ...”

ನಾನೇ ಕೈಯಿಟ್ಟು ಚಕ್ರ ನಿಲ್ಲಿಸಿದೆ. “ಯಾರು ಹೇಳಿದ್ದು?”

ಅವಳು ನಕ್ಕಳು. ಹುಡುಗಿಯ ಹಾಗೆ ನಾಚಿದಳು. ಬಾಗಿಲ ಕಡೆ ನೋಡಿದಳು. ಸ್ಕೇಲು ಹಿಡಿದು ಯಾರಾದರೂ ಬರುತ್ತಿದ್ದಾರೋ ಎಂಬಂತೆ. ಯಾರೂ ಬರಲಿಲ್ಲ. ಬೀದಿ ತೂಕಡಿಸುತ್ತಿತ್ತು.

“ನಾನು” ಎಂದಳು, ದಾರದಷ್ಟು ಸಣ್ಣ ದನಿಯಲ್ಲಿ.

“ಹಾಂ. ಈಗ ಹೇಳು.”

ಚಕ್ರ ತಿರುಗಿತು. ಗಡಿಯಾರ ನಾಲ್ಕು ಹೊಡೆಯಿತೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.