ಕೊಬ್ಬರಿ ಚೂರಿನ ಪೋಕರ್

ಮೊಮ್ಮಗಳ ನಾಮಕರಣ ನಾಳೆ ಎನ್ನುವಾಗಲೂ ಹೆಸರು ತೀರ್ಮಾನವಾಗಿರಲಿಲ್ಲ. ಹೋದ ಯುಗಾದಿಗೆ ಮುಂಚೆ ತೀರಿಕೊಂಡ ನನ್ನ ಹೆಂಡತಿ ಗಿರಿಜಾಂಬಿಕಾಳ ಹೆಸರನ್ನೇ ಇಡಬೇಕೆಂದು ನನ್ನ ಆಸೆ. ಆ ಹೆಸರು ಮನೆಯಲ್ಲಿ ಮತ್ತೆ ಕೇಳಿಸಬೇಕಿತ್ತು ನನಗೆ. ಸೊಸೆ ಗಾನವಿಗೆ ಸ್ಪಂದನ ಎಂಬ ಹೆಸರೇ ಆಗಬೇಕು. ಮಗ ದಯಾನಂದ್ ನಮ್ಮಿಬ್ಬರ ಮುಖ ನೋಡಿ, ತೋಟಕ್ಕೆ ನೀರು ಬಿಡುತ್ತೇನೆಂದು ಹೊರಟೇಹೋದ.

ಆಗ ದಾರಿ ಹೇಳಿದವನು ಗಾನವಿಯ ತಮ್ಮ ಉಜ್ವಲ್. ಎಲ್ಲಿಯೋ ಪೋಕರ್ ಎಂಬ ಇಸ್ಪೀಟಾಟದ ಟೂರ್ನಮೆಂಟ್ ಆಡಿ ಕಪ್ ಗೆದ್ದು ಬಂದ ಹುಡುಗ.

"ಪೋಕರ್ ಆಡೋಣ ಮಾವ. ಗಾನವಿ ಅಕ್ಕನ ಪರ ನಾನಾಡ್ತೀನಿ. ಪಣಕ್ಕೆ ಎಲ್ರಿಗೂ ಸಮ ಬಿಲ್ಲೆ. ಕೊನೇಗೆ ಎಲ್ಲಾ ಬಿಲ್ಲೆ ಯಾರ ಹತ್ರ ಸೇರ್ತವೋ ಅವ್ರು ಹೇಳಿದ್ದೇ ಹೆಸ್ರು."

"ಇಸ್ಪೀಟು ಮುಟ್ಟಿದ ಕೈಲಿ ಪೂಜೆ ಮಾಡೋದು ಹೆಂಗಪ್ಪ?"

"ದುಡ್ಡಿಲ್ವಲ್ಲ ಮಾವ. ಬಿಲ್ಲೆ ಬದ್ಲು ಕೊಬ್ಬರಿ ಚೂರು!"

ಉಂಡೆ ಕೊಬ್ಬರಿ ಹೆಚ್ಚಿ ಹಂಚುವಷ್ಟರಲ್ಲಿ, ಕಂದಿಕೆರೆಯಿಂದ ಬಂದಿದ್ದ ನನ್ನ ಅಕ್ಕ ಶಿವರುದ್ರಮ್ಮನೂ ಬಂದು ಕುಳಿತಳು. "ನಂಗೂ ಹಾಕ್ಲಾ. ನಾನ್ ಗೆದ್ರೆ ಮಗೂಗೆ ನನ್ನೆಸ್ರೇ."

ಉಜ್ವಲ್ ಆಟ ತಿಳಿಸಿದ. ಕೈಯಲ್ಲಿ ಎರಡು ಎಲೆ ಮುಚ್ಚಿಟ್ಟುಕೊಳ್ಳಬೇಕು. ನಡುವೆ ಬೀಳುವ ಐದು ಎಲೆ ಎಲ್ಲರಿಗೂ ಸೇರಿದ್ದು. ಒಳ್ಳೆಯ ಎಲೆ ಇದ್ದವನು ಚೂರು ಹಾಕಬೇಕು. ಇಲ್ಲದವನೂ ಇದ್ದಂತೆ ನಟಿಸಿ ಹೆದರಿಸಬಹುದು.

"ಹಂಗಾದ್ರೆ ಇದು ಶಿವನ ಚಿತ್ತವೋ ಬುದ್ಧಿಯೋ?" ಎಂದೆ.

"ಒಂದಾಟ ಅದೃಷ್ಟ ಮಾವ. ನೂರಾಟ ಆಡಿದ್ರೆ ಬುದ್ಧೀನೇ ಗೆಲ್ಲೋದು."

"ನೂರಾಟ ಮುಗಿಯೋವರ್ಗೂ ಮಗೂಗೆ ಹೆಸ್ರಿಲ್ದಂಗೆ ಮಡಗ್ತೀಯೇನ್ಲಾ?" ಎಂದಳು ಅಕ್ಕ.

ಸ್ವಲ್ಪ ಹೊತ್ತಿಗೆ ನನ್ನ ಕೈಗೆ ಜೋಡಿ ಎಕ್ಕ ಬಂತು. ಶಿವನೇ ಕೊಟ್ಟನೆಂದು ಇದ್ದ ಚೂರನ್ನೆಲ್ಲ ನಡುವೆ ತಳ್ಳಿದೆ. ಉಜ್ವಲ್ ಹಿಂದೆ ಸರಿದ. ಅಕ್ಕ ಸರಿಯಲಿಲ್ಲ. ಅವಳ ಕೈಯಲ್ಲಿದ್ದದ್ದು ಏಳು ಮತ್ತು ಎರಡು. ನಡುವೆಯೂ ಒಂದು ಏಳು, ಒಂದು ಎರಡು ಬಿದ್ದವು! ಅವಳ ಎರಡು ಜೋಡಿಯ ಮುಂದೆ ನನ್ನ ಒಂದು ಜೋಡಿ ಸೋತಿತು.

"ಅಜ್ಜೀ, ಪೋಕರಲ್ಲೇ ದರಿದ್ರ ಎಲೆ ಅದು! ಯಾವ ಧೈರ್ಯದ ಮೇಲೆ ಆಡಿದ್ರಿ?" ಉಜ್ವಲ್ ತಲೆ ಹಿಡಿದುಕೊಂಡ.

"ಧೈರ್ಯ ಯಾಕ್ಲಾ? ಮಲ್ಲಣ್ಣ ಹಾಕ್ದ, ನಾನೂ ಹಾಕ್ದೆ." ಅಕ್ಕ ನನ್ನತ್ತ ಕೈ ತೋರಿದಳು.

ನನ್ನ ಆಟ ಅಲ್ಲಿಗೆ ಮುಗಿಯಿತು. ನನ್ನ ಆಸೆಯೂ ಮುಗಿಯಿತೆಂದುಕೊಂಡೆ. ಉಜ್ವಲ್ ಹೆದರಿಸಿದಾಗಲೆಲ್ಲ ಅಕ್ಕ ಚೂರು ಹಾಕಿದಳು. ಹೆದರಬೇಕೆಂಬುದೇ ಅವಳಿಗೆ ತಿಳಿದಿರಲಿಲ್ಲ. ಹೀಗೆ ಗೆಲ್ಲುತ್ತಲೇ ಇದ್ದರೂ ಅವಳ ಗುಡ್ಡೆ ಕರಗುತ್ತಿತ್ತು. ನೋಡಿದರೆ ದವಡೆ ಆಡುತ್ತಿದೆ.

"ಅಜ್ಜೀ, ಬಿಲ್ಲೆ ತಿನ್ಬಾರ್ದು!"

"ಕೊಬ್ಬರಿ ಮುಂದಿಕ್ಕಿ ತಿನ್ಬೇಡ ಅಂದ್ರೆ ಹೆಂಗಪ್ಪ?"

ಮಗಳು ಶಿವರುದ್ರಮ್ಮನಾಗುವಳೆಂದು ಕಂಗಾಲಾಗಿದ್ದ ಗಾನವಿಗೆ ದಾರಿ ಕಂಡಿತು. ಓಡಿಹೋಗಿ ಬೆಲ್ಲ ತಂದಳು. "ಬರೀ ಕೊಬ್ಬರಿಗೆ ಕೆಮ್ಮು ಬರುತ್ತೆ ಅತ್ತೆ, ಬೆಲ್ಲದ ಜೊತೆ ತಿನ್ನಿ. ಇನ್ನೂ ತಿನ್ನಿ." ಅಕ್ಕ ತಿಂದಳು. ನಾನು ಪಕ್ಕೆ ಹಿಡಿದುಕೊಂಡು ನಕ್ಕೆ. ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಕೊನೆಗೆ ಉಜ್ವಲನ ಬಳಿ ಒಂದೇ ಚೂರು ಉಳಿಯಿತು. ಅಕ್ಕನ ಮುಂದೆ ಪುಡಿ ಮಾತ್ರ.

"ನಿಮ್ಮತ್ರ ಏನೂ ಇಲ್ಲ ಅಜ್ಜಿ. ನಾನೇ ಗೆದ್ದೆ!" ಎಂದು ಅವನು ಕುಣಿದ.

ಅವನು ಕುಣಿಯುತ್ತಿದ್ದಂತೆಯೇ ಅಕ್ಕ ಆ ಚೂರನ್ನೂ ಎತ್ತಿ ಬಾಯಿಗೆ ಹಾಕಿಕೊಂಡು, ಹೊಟ್ಟೆ ಸವರಿದಳು. "ಈಗ ಎಲ್ಲಾ ನನ್ನತ್ರಾನೇ ಸೇರ್ಕಂಡ್ವು. ಏನ್ಲಾ ಮಲ್ಲಣ್ಣ, ನ್ಯಾಯ ಹೇಳು."

"ಯಾರ ಹತ್ರ ಸೇರ್ತವೋ ಅಂತ ಉಜ್ವಲನೇ ಅಲ್ವಾ ಹೇಳಿದ್ದು?" ಎಂದೆ.

"ಹಂಗಾದ್ರೆ ನಾಳೆ ತೊಟ್ಟಿಲಿಗೆ ಶಿವರುದ್ರಮ್ಮ."

ಗಾನವಿ ಧಡಕ್ಕನೆ ಎದ್ದಳು. "ಮಾವ! ಗಿರಿಜಾಂಬಿಕಾ ಎಷ್ಟು ಚೆಂದದ ಹೆಸ್ರು ಅಲ್ವಾ? ಅದನ್ನೇ ಇಡೋಣ. ಗಿರಿಜಾ ಅಂತ ಕರೆದ್ರಾಯ್ತು. ಅತ್ತೆ, ದಮ್ಮಯ್ಯ ಒಪ್ಕೊಳಿ."

ಅಕ್ಕ ಬಹಳ ಹೊತ್ತು ಬಾಯಲ್ಲಿದ್ದುದನ್ನು ಅಗಿದಳು. ಮುಖದಲ್ಲಿ ಏನೂ ಕಾಣಲಿಲ್ಲ. "ಆಯ್ತು ಬುಡವ್ವ, ನಿಮ್ಮಿಷ್ಟ."

ಉಜ್ವಲ್ ಅವಳನ್ನೇ ದಿಟ್ಟಿಸಿದ. "ಅಜ್ಜೀ, ನಿಜ ಹೇಳಿ. ಹೆದರ್ಸಿದ್ದಾ ಇದು?"

"ನಂಗೇನ್ ಗೊತ್ಲಾ ಇಸ್ಪೀಟು. ಬೆಲ್ಲ ಮಿಕ್ಕೈತಾ?"

ಮರುದಿನ ತೊಟ್ಟಿಲಿನ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ "ಗಿರಿಜಾ" ಎಂದೆ. ಅದು ಬಾಯಗಲಿಸಿ ಆಕಳಿಸಿತು. ನಾನು ಮಾತು ತೆಗೆದರೆ ನನ್ನ ಹೆಂಡತಿಯೂ ಹೀಗೆಯೇ ಮಾಡುತ್ತಿದ್ದಳು.