ಟವೆಲ್ಲಿನ ಕೆಳಗೆ ಒಂದು ದ್ವೀಪ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ದ್ವೀಪದ ಕಥೆ ಅಂದಮೇಲೆ ಸಮುದ್ರದಿಂದಲೇ ಮಾಡಬೇಕು. 'ನೀಲಿ ಅಲೆಗಳು ಬಿಳಿ ಮರಳಿಗೆ ಮುತ್ತಿಕ್ಕುತ್ತಿದ್ದವು' ಎಂದು ಬರೆದೆ. ಓದಿ ನೋಡಿದರೆ ಸೋಪಿನ ಜಾಹೀರಾತು. ಹೊಡೆದುಹಾಕಿದೆ. ಅಲ್ಲದೆ ಕಥೆ ನಡೆಯುವುದು ಗಜೇಂದ್ರಗಡದಲ್ಲಿ. ಇಲ್ಲಿನ ಗುಡ್ಡ ಹತ್ತಿ ನಿಂತರೆ ಕರೆಂಟು ಮಾಡುವ ದೊಡ್ಡ ದೊಡ್ಡ ಫ್ಯಾನುಗಳು ಕಾಣುತ್ತವೆ, ಸಮುದ್ರ ಕಾಣುವುದಿಲ್ಲ.

೧ (ಇನ್ನೊಮ್ಮೆ)

ಸಂಗನಬಸವನಿಗೆ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಈ ಸಲ ಬೀಜ ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಗಂಡ-ಹೆಂಡತಿ ಇಬ್ಬರಿಗೂ ಪುಕ್ಕಟೆ ದ್ವೀಪಪ್ರವಾಸ ಕೊಟ್ಟಿದ್ದಾರೆ. ಅಂಡಮಾನ್, ಮಾಲ್ಡೀವ್ಸ್, ಬಾಲಿ. ಮೂರರಲ್ಲಿ ಒಂದನ್ನು ಆರಿಸಿ ಇವತ್ತು ಸಂಜೆಯೊಳಗೆ ತಿಳಿಸಬೇಕು. (ಮೂರರಲ್ಲಿ ಒಂದು ಅಂದ ಕೂಡಲೇ ಇದು ಅಜ್ಜಿ ಹೇಳುವ ಕಥೆ ಅನ್ನಿಸಿದರೆ ತಪ್ಪು ನನ್ನದಲ್ಲ, ಕಂಪನಿಯದು.)

ಕಥೆ ಮಾತ್ರ ಅವನದಲ್ಲ, ಅವನ ಹೆಂಡತಿ ಅನ್ನಪೂರ್ಣೇಶ್ವರಿಯದು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅವಳನ್ನು 'ನಿನಗೇನು ಬೇಕು' ಎಂದು ಒಬ್ಬರೂ ಕೇಳಿಲ್ಲ. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಕೇಳುವ ರೂಢಿ ಇರಲಿಲ್ಲ, ಅಷ್ಟೇ.

೩

(೨ ಎಲ್ಲಿ ಎಂದು ಹುಡುಕಬೇಡಿ, ಹರಿದುಹಾಕಿದೆ. ಅದರಲ್ಲಿ ಅನ್ನಪೂರ್ಣೇಶ್ವರಿಗೆ ನಾನು ನೀರಿನ ಭಯ ಹಚ್ಚಿದ್ದೆ. ತವರು ಮೆಣಸಗಿ, ಮಲಪ್ರಭೆ ಉಕ್ಕಿ ಮನೆಯೊಳಗೆ ನುಗ್ಗಿತ್ತು, ಅಂದಿನಿಂದ ಕೊಡದ ನೀರು ಕಂಡರೂ ಬೆಚ್ಚುತ್ತಾಳೆ. ಓದಿದವರು ಕಣ್ಣೊರೆಸಿಕೊಳ್ಳಲಿ ಎಂಬ ದುರಾಸೆ. ಅವಳು ರೊಟ್ಟಿ ಬಡಿಯುವುದನ್ನು ಅಷ್ಟಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.)

"ಏನ್ರಿ ಬರಿಯೋರ, ಹೊಳಿ ಬಂದಿದ್ದು ಖರೇ. ಮನಿಯೊಳಗ ರಾಡಿ ತುಂಬಿದ್ದೂ ಖರೇ. ಅದಕ್ಕ ನಾ ಯಾಕ ನೀರಿಗೆ ಅಂಜಲಿ? ನಾ ಹೊಳ್ಯಾಗ ಈಸು ಕಲತಾಕಿ. ಗಂಡ ಹುಡುಗರಕಿಂತ ಮೊದಲ ಆ ದಂಡಿ ಮುಟ್ಟತಿದ್ದೆ."

"ನಿಮ್ಮ ಯಜಮಾನರಿಗೆ ಗೊತ್ತಾ?"

"ಈ ಊರಾಗ ಹೊಳಿ ಎಲ್ಲೈತ್ರಿ, ಗೊತ್ತಾಗಾಕ?" ಎಂದು ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಇನ್ನೊಂದ ಸಲ, ಒಂದ ಸಲ ಈಸಬೇಕು ಅನ್ನಸ್ತೈತಿ. ಅದನ್ನ ಬರಕೋರಿ. ಕಣ್ಣೀರು ಗಿಣ್ಣೀರು ಬ್ಯಾಡ."

ಬರೆದುಕೊಂಡೆ. ಪಾತ್ರದ ಕೈಲಿ ಬೈಸಿಕೊಂಡ ಮೇಲೆ ಕಥೆ ತುಸು ದಾರಿಗೆ ಬರುತ್ತದೆ ಎಂಬುದು ನನ್ನ ಅನುಭವ.

೪

ಊಟವಾದ ಮೇಲೆ ಪಡಸಾಲೆಯಲ್ಲಿ ಮೊಬೈಲ್ ಸುತ್ತ ಸಭೆ ಸೇರಿತು. ಸಂಗನಬಸವನ ಮನಸ್ಸು ಮಾಲ್ಡೀವ್ಸ್ ಮೇಲೆ. ಕಾರಣ ಸಮುದ್ರವಲ್ಲ. ನರಗುಂದದ ಡೀಲರ್, ಪ್ರಬುದ್ಧ ಎಂಬವನು, ಹೋದ ವರ್ಷ ಅಲ್ಲಿ ಚಡ್ಡಿ ಹಾಕಿಕೊಂಡು ನಿಂತ ಫೋಟೋವನ್ನು ಇನ್ನೂ ಸ್ಟೇಟಸ್ಸಿನಲ್ಲಿ ಇಡುತ್ತಿದ್ದಾನೆ.

"ನೀರಿನ ಮ್ಯಾಲ ರೂಮವ್ವ, ನೀರಿನ ಮ್ಯಾಲ!" ಎಂದು ತಾಯಿ ಕಳಕವ್ವನಿಗೆ ತೋರಿಸಿದ.

"ನೀರಿನ ಮ್ಯಾಲ ಯಾಕ ಮಲಗಬೇಕೋ, ನೆಲ ಸುಟ್ಟೈತೇನು? ಬಾಲ್ಯಾಗ ಗುಡಿ ಅದಾವಂತ, ಅಲ್ಲಿಗೆ ಹೋಗ್ರಿ. ಬರೇ ಮರಳ ನೋಡಾಕ ಅಷ್ಟು ದೂರ ಯಾಕ, ಮೆಣಸಗಿ ಹೊಳಿದಂಡಿ ಐತಿ."

"ಗುಡಿ ಇರ್ಲಿ. ರೊಟ್ಟಿದು ಹ್ಯಾಂಗ?" ಎಂದ ಸಂಗನಬಸವ.

ಇಲ್ಲಿಂದ ಮಾತು ದಾರಿ ತಪ್ಪಿತು. ಖಟಕ ರೊಟ್ಟಿ ಕಟ್ಟಿಕೊಳ್ಳದೆ ಈ ಮನೆಯವರು ಹುಬ್ಬಳ್ಳಿಗೂ ಹೋದವರಲ್ಲ. ಸಮುದ್ರದ ಗಾಳಿಗೆ ರೊಟ್ಟಿ ಮೆತ್ತಗಾದರೆ? ಯಾವ ದ್ವೀಪದಲ್ಲಿ ಗಾಳಿ ಒಣಗಿರುತ್ತದೆ? ಸಂಗನಬಸವ ಮೂರೂ ಕಡೆಯ ಹವಾಮಾನ ತೆಗೆದು ನೋಡಿದ. ಜಗತ್ತಿನಲ್ಲಿ ಬೀಚುಗಳನ್ನು ರೊಟ್ಟಿಯ ಗರಿಗರಿಯಿಂದ ಅಳೆದ ಮೊದಲ ಕುಟುಂಬ ಇದೇ ಇರಬೇಕು. (ನಗಬೇಡಿ. ನೀವು ಹೋಟೆಲಿನ ಸ್ಟಾರ್ ಎಣಿಸುತ್ತೀರಿ, ಅವರು ರೊಟ್ಟಿ ಎಣಿಸುತ್ತಾರೆ.)

"ಎಲ್ಲಿ ನೀರು ಶಾಂತ ಇರ್ತೈತ್ರಿ?" ಬಾಗಿಲ ಬಳಿ ಕೂತಿದ್ದ ಅನ್ನಪೂರ್ಣೇಶ್ವರಿ ಕೇಳಿಯೇಬಿಟ್ಟಳು. "ಈಸಾಕ?"

ಕಳಕವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವ! ಈ ವಯಸ್ಸಿನ್ಯಾಗ ಸೊಸಿ ಈಸತಾಳಂತ! ಕಂಡ ಮಂದಿ ಏನಂದಾರು?"

ಸಂಗನಬಸವನೂ ನಕ್ಕ. "ಸುಮ್ಮ ಕೇಳಿದೆನ್ರಿ ಅತ್ತಿ" ಎಂದು ಅವಳು ಸೆರಗು ಸರಿಮಾಡಿಕೊಂಡಳು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

ಅಷ್ಟರಲ್ಲಿ ಕಂಪನಿಯವರ ಫೋನು. ಯಾವ ಊರು ಸರ್, ಲಗೂ ಹೇಳಿ. ಸಂಗನಬಸವ ಹೆಂಡತಿಯ ಕಡೆ ತಿರುಗಿದ. "ಹೋಗ್ಲಿ, ನೀನ ಹೇಳು."

"ನೀವು ಹೇಳಿದ್ದೇ ರೀ."

೫

ಕಥೆಯನ್ನು ಇಲ್ಲಿಗೆ ಮುಗಿಸಬಹುದು. ನನ್ನ ಬಳಿ ಎರಡು ಮುಕ್ತಾಯ ತಯಾರಿದ್ದವು.

ಅ) ಮಾಲ್ಡೀವ್ಸ್. ಗಾಜಿನ ನೆಲದ ಕೆಳಗೆ ಸಮುದ್ರ, ಮೇಲೆ ಅವಳು ಮೆತ್ತಗಾದ ರೊಟ್ಟಿ ಹಿಡಿದು ಕೂತಿದ್ದಾಳೆ. ವಿಮರ್ಶಕರು ಗಾಜಿನ ಬಗ್ಗೆ ಎರಡು ಪುಟ ಬರೆಯುತ್ತಾರೆ.

ಆ) ಅವಳು ಬಂಡೆದ್ದು ಒಬ್ಬಳೇ ಹೊರಟು ಹೋಗಿ ಸಮುದ್ರಕ್ಕೆ ಹಾರುತ್ತಾಳೆ. ಇದನ್ನು ಅವಳಿಗೇ ಓದಿ ಹೇಳಿದೆ. "ಪಾಸ್‌ಪೋರ್ಟ್ ಯಾರು ಮಾಡಸ್ತಾರ, ನೀವ?" ಅಂದಳು.

ಎರಡನ್ನೂ ಬಿಟ್ಟೆ.

೬

ಸಂಗನಬಸವನ ಅಪ್ಪ ಕಳಕಪ್ಪ, ಈಗಿಲ್ಲ, ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಯ ಮೇಲೆ ಟವೆಲ್ ಮುಚ್ಚಿ, ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಅಪ್ಪ ಮಗನಿಗೆ ಒಂದು ಗುಟ್ಟು ಹೇಳಿಕೊಟ್ಟಿದ್ದ. ನಾಲ್ಕು ಮಂದಿಯ ಎದುರು 'ನೀವು ಹೇಳಿದ್ದೇ' ಅನ್ನುವವನ ಮನಸ್ಸಿನಲ್ಲಿ ಬೆಲೆ ಪಕ್ಕಾ ಇರುತ್ತದೆ. ಸಂಗನಬಸವ ಹುಡುಗನಿದ್ದಾಗ ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ಈ ಮಾತನ್ನು ಎತ್ತು ಮಾರುವವರಿಗೆ ಹಚ್ಚಿ ನೋಡಿದ್ದ, ಹೆಂಡತಿಗೆ ಹಚ್ಚಿ ನೋಡಿರಲಿಲ್ಲ. ಇವತ್ತು ನೋಡಿದ. (ಯಾಕೆ ಇವತ್ತೇ ಎಂದರೆ ನನಗೂ ಗೊತ್ತಿಲ್ಲ. ನಾನು ಹೇಳಿಕೊಟ್ಟಿದ್ದಲ್ಲ.)

ಮೆಸೇಜು ಹಾಕುತ್ತೇನೆಂದು ಫೋನು ಇಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಅವಳ ಬಲಗೈ ಮೇಲೆ ಹಾಕಿದ, ತನ್ನ ಕೈ ಒಳಗೆ ತೂರಿಸಿದ.

"ಒಂದು ಬೆರಳ ಹಿಡದ್ರ ಅಂಡಮಾನ್. ಎರಡು ಮಾಲ್ಡೀವ್ಸ್. ಮೂರು ಬಾಲಿ. ನಿನಗ ಯಾವ ನೀರು ಸೇರತೈತಿ ಹೇಳು. ಅವ್ವಗ ಕಾಣಂಗಿಲ್ಲ."

"ಏ ಸಂಗಪ್ಪಾ, ಹುಚ್ಚು ಹಿಡದೈತೇನೋ?" ಅಂದಳು ಕಳಕವ್ವ.

ಅನ್ನಪೂರ್ಣೇಶ್ವರಿಯ ಎದೆ ಹೊಡೆದುಕೊಂಡಿತು. ಚಿಕ್ಕವಳಿದ್ದಾಗ ದಂಡೆಯ ಮೇಲೆ ನಿಂತು, ಹಾರುವ ಮೊದಲು, ಹೀಗೇ ಹೊಡೆದುಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ ಬೆರಳು ಹಿಡಿದಳು.

ಎಷ್ಟು ಬೆರಳು? ನಾನು ಬಗ್ಗಿ ನೋಡಲು ಹೋದೆ.

"ಬರಿಯೋರ," ಅವಳು ಕಣ್ಣು ತೆರೆಯದೆ ಅಂದಳು, "ಟಾವೆಲ್ ಎತ್ತಿ ನೋಡೂದು ಸಂತಿ ಪದ್ಧತಿ ಅಲ್ರಿ."

ಆದ್ದರಿಂದ ನನಗೆ ಗೊತ್ತಿಲ್ಲ, ನಿಮಗೂ ಹೇಳಲಾರೆ. ಅಂಡಮಾನ್ ಅನ್ನುವವರು ಅಂಡಮಾನ್ ಅನ್ನಿ. ಕಂಡಿದ್ದು ಇಷ್ಟು. ದಲ್ಲಾಳಿ ಯಾವತ್ತೂ ಎದುರಿನವನ ಬೆರಳು ಮಡಚಿ ಚೌಕಾಶಿ ಮಾಡದೆ ಬಿಡುವುದಿಲ್ಲ. ಸಂಗನಬಸವನ ಕೈ ಟವೆಲ್ಲಿನ ಕೆಳಗೆ ಅಲ್ಲಾಡಲಿಲ್ಲ.

"ಖರೇನ ಈಸತೀಯೇನು?" ಎಂದು ಮೆಲ್ಲಗೆ ಕೇಳಿದ.

"ಹೂಂನ್ರಿ. ಭಾಳ ಚಲೋ ಈಸತೇನಿ."

ಅವನು ಎಡಗೈಯಿಂದಲೇ ಕಂಪನಿಗೆ ಮೆಸೇಜು ಒತ್ತಿದ. ಓದಿ ಹೇಳಲಿಲ್ಲ.

"ಎಲ್ಲಿಗೆ ಮುಗೀತೋ?" ಕಳಕವ್ವ ಕೇಳಿದಳು.

"ಮುಗೀತವ್ವ."

"ಮುಗದ ಮ್ಯಾಲೆ ಟಾವೆಲ್ ತಗೀಬೇಕಪಾ. ನಿಮ್ಮಪ್ಪ ಇಷ್ಟೂ ಕಲಿಸಿಲ್ಲೇನು?"

ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದರು. ಟವೆಲ್ ಅಲ್ಲೇ ಇತ್ತು.