ಹನ್ನೊಂದನೇ ಟ್ಯಾಂಕು

ಸಂಜೀವಪ್ಪ ಅಂದು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಹಲಸೂರಿನಲ್ಲಿ ಮೆಟ್ರೋ ಹತ್ತಿದ್ದರು. ಮೂವತ್ತೆರಡು ವರ್ಷ ಸರ್ಕಾರದ ದೊಡ್ಡ ರಾಕೆಟ್ಟಿನ ಇಂಧನ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡಿದ ಮನುಷ್ಯ. ಮಗಳು ಹೇಮಶ್ರೀ ಇಂದಿರಾನಗರದ ಪುಟ್ಟ ರಾಕೆಟ್ ಕಂಪನಿಯೊಂದರಲ್ಲಿ ಖರ್ಚಿನ ಲೆಕ್ಕ ನೋಡುತ್ತಿದ್ದಳು. ಹಣ ಹಾಕುವವರ ಮುಂದೆ ಇವತ್ತು ಮಾತಾಡುವವಳು ಅವಳೇ. ಅದಕ್ಕೆಂದು ಅಪ್ಪನ ಹಳೇ ಕೆಲಸದ ನೋಟ್‌ಬುಕ್ಕನ್ನೂ ಕೇಳಿ ಒಯ್ದಿದ್ದಳು. ಹತ್ತು ಜನರೆದುರು ಮಗಳ ಬಾಯಲ್ಲಿ ತನ್ನ ಕೆಲಸಕ್ಕೊಂದು ಒಳ್ಳೆ ಮಾತು ಕೇಳಬೇಕು ಅನ್ನುವುದಷ್ಟೇ ಅವರ ಆಸೆ. ಅದೇನು ದೊಡ್ಡ ಆಸೆಯೇ, ಹೇಳಿ!

ಕಂಪನಿಯ ಸಭೆಯಲ್ಲಿ ಪರದೆಯ ಮೇಲೆ ಎರಡು ಪಟ್ಟಿ ಮೂಡಿದವು. ಎಡಕ್ಕೆ ಸರ್ಕಾರದ ರಾಕೆಟ್ ರೂಪಿಸಲು ಆದ ಖರ್ಚು, ಬಲಕ್ಕೆ ಕಂಪನಿಯದು.

"ಅಲ್ಲಿ ಹತ್ತೊಂಬತ್ತು ಟ್ಯಾಂಕ್ ವೇಸ್ಟ್ ಆಯ್ತು," ಎಂದಳು ಹೇಮಶ್ರೀ. "ನಮ್ದು ಸೊನ್ನೆ."

ಸಭೆ ಗೊಳ್ಳೆಂದು ನಕ್ಕಿತು. ಸಂಜೀವಪ್ಪನವರ ಮುಖ ಸಪ್ಪಗಾಯಿತು. ಅವರ ಶೆಡ್ಡಿನಲ್ಲೊಂದು ಪದ್ಧತಿಯಿತ್ತು. ಸರಿಹೋದದ್ದನ್ನು ಯಾರೂ ಬರೆಯುತ್ತಿರಲಿಲ್ಲ, ಕೆಟ್ಟದ್ದನ್ನು ಮಾತ್ರ ಕಾರಣ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮಗಳ ಹತ್ತೊಂಬತ್ತು ಬಂದದ್ದು ಅಲ್ಲಿಂದಲೇ. ಚೆನ್ನಾಗಿ ಹಾರಿದ ಟ್ಯಾಂಕುಗಳ ಬಗ್ಗೆ ಆ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ಲೆಕ್ಕದ ಹುಡುಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು! ರಿಟೈರ್ ಆದಮೇಲೆ ಅದೇ ಕಂಪನಿಯ ಹುಡುಗರಿಗೆ ಎರಡು ವರ್ಷ ಪುಕ್ಕಟೆಯಾಗಿ ವೆಲ್ಡಿಂಗ್ ಕಲಿಸಿದವರೂ ಇವರೇ. ಆ ಸೊನ್ನೆ ಮತ್ತೆಲ್ಲಿಂದ ಬಂತು?

ಅವರು ಸದ್ದಿಲ್ಲದೆ ಎದ್ದು ಹೊರಟರು. ಹೇಮಶ್ರೀ ನೋಟ್‌ಬುಕ್ ಹಿಡಿದು ಓಡಿಬಂದು ಮೆಟ್ರೋ ಮೆಟ್ಟಿಲ ಹತ್ತಿರ ಅಡ್ಡ ನಿಂತಳು.

"ಅಪ್ಪಾ, ನಿನ್ನ ಬಗ್ಗೆ ಹೇಳಿದ್ದಲ್ಲ."

"ಹನ್ನೊಂದನೇ ಟ್ಯಾಂಕಿಗೆ ಎಷ್ಟು ಖರ್ಚು ಹಾಕಿದೀಯಮ್ಮ?"

"ನಾಲ್ಕು ಲಕ್ಷ."

"ಅದ್ರಲ್ಲಿ ಹಸನ್ ಇದಾನಾ?"

ಶಿವಾಜಿನಗರದ ಹಸನ್ ಶೆಡ್ಡಿನಲ್ಲಿ ಅವರ ಜೊತೆಗಾರ. ಪುಟ್ಟ ಹೇಮಶ್ರೀಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲಸೂರು ಕೆರೆ ತೋರಿಸುತ್ತಿದ್ದವನು. ಅವಳಿಗೆ ಆರು ವರ್ಷವಿದ್ದಾಗ ತೀರಿಕೊಂಡ. ಜ್ವರ ಬಂದು ಹೋದ ಅಂತಲೇ ಮನೆಯಲ್ಲಿ ಹೇಳಿದ್ದರು.

"ಒತ್ತಡ ಕೊಟ್ಟು ಪರೀಕ್ಷೆ ಮಾಡುವಾಗ ಟ್ಯಾಂಕ್ ಒಡೀತು. ಪಕ್ಕದಲ್ಲೇ ನಿಂತಿದ್ದ," ಎಂದರು ಸಂಜೀವಪ್ಪ. "ವೆಲ್ಡಿಂಗ್ ನಂದು ಮಗಳೇ."

ಹೇಮಶ್ರೀ ಪುಟ ತೆರೆದಳು. ಹನ್ನೊಂದರ ಮುಂದೆ ಅಪ್ಪನ ಅಕ್ಷರದಲ್ಲಿತ್ತು: ಒಡೆಯಿತು. ಕಾರಣ, ಅವಸರ ಮಾಡಿದೆ.

"ಇದನ್ನ ಓದಿದ್ದೆ ಅಪ್ಪಾ," ಎಂದು ಬಿಕ್ಕಿದಳು. "ಯಾರಿಗೇನಾಯ್ತು ಅಂತ ಕೇಳ್ಲೇ ಇಲ್ಲ."

"ಹತ್ತೊಂಬತ್ತು ಇರ್ಲಿ ಬಿಡಮ್ಮ, ಅದು ನಿಜಾನೇ. ವೇಸ್ಟ್ ಅನ್ನೋದೊಂದು ಅಳಿಸಿಬಿಡು."

"ಆ ಪಟ್ಟೀನ ಆಗ್ಲೇ ಎಲ್ರಿಗೂ ಕಳಿಸಿಬಿಟ್ಟಿದೀನಿ."

ಸಂಜೀವಪ್ಪ ಪುಸ್ತಕ ಇಸಿದುಕೊಂಡು, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.